ಗಾಳಿಗೆ ಗುದ್ದುವ ನೀರು

ಮೇನ್ ಸೀಮೆಯ ಲೂಯಿಸ್ಟನ್. ಮೂರಂತಸ್ತಿನ ಮರದ ಮನೆ. ಫೆಬ್ರವರಿ.
ಹಿಮ ಕೆಳಗಿನ ಕಿಟಕಿಯ ಅರ್ಧಕ್ಕೆ ಬಂದು ನಿಂತಿದೆ.
ಮಾಲೀಕ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಗೋಡೆಯೊಳಗೆ ಯಾರೋ ಬಡೀತಾರೆ, ರೋಸೇರ್.
ಮೇಲಿನ ಮುದುಕನ ದೂರು ದಿನವೂ."

ಯಾರೂ ಬಡಿಯುವುದಿಲ್ಲ. ಮೂವತ್ತೊಂದು ವರ್ಷ ಇದೇ ಕಸುಬು ನನ್ನದು.
ಓಡುವ ನೀರಿನ ಮುಖಕ್ಕೆ ಬಾಗಿಲು ಹಾಕಿದರೆ
ಹಣೆ ಚಚ್ಚಿಕೊಳ್ಳುತ್ತದೆ, ಅಷ್ಟೇ.
ಹಿಂದಿನ ನಲ್ಲಿಗಳನ್ನು ತಿರುಗಿಸಿ ತಿರುಗಿಸಿ ನಿಲ್ಲಿಸಬೇಕಿತ್ತು;
ನೀರಿಗೆ ಸೂಚನೆ ಸಿಗುತ್ತಿತ್ತು.
ವಾಷಿಂಗ್ ಮಷೀನಿನ ವಾಲ್ವಿಗೆ ಆ ದಾಕ್ಷಿಣ್ಯವಿಲ್ಲ,
ಟಕ್ಕೆಂದು ಮುಚ್ಚುತ್ತದೆ.
ಹಿಂದೆ ನಲವತ್ತು ಅಡಿ ನೀರು ಸಾಲುಗಟ್ಟಿ ಬರುತ್ತಿದೆ,
ಮುಂದಿನದು ನಿಂತದ್ದು ಹಿಂದಿನದಕ್ಕೆ ಗೊತ್ತಿಲ್ಲ.
ಢಣ್.

ನೆಲಮಾಳಿಗೆ. ಟಾರ್ಚು ಹಲ್ಲಿನಲ್ಲಿ.
ಒತ್ತಡ ಅಳೆದೆ: ಅರವತ್ತೆಂಟು. ಪರವಾಗಿಲ್ಲ;
ಎಂಬತ್ತು ದಾಟಿದ್ದರೆ ಮೊದಲು ಬೀದಿಯ ನೀರಿಗೇ ಲಗಾಮು ಹಾಕಬೇಕಿತ್ತು.
ಕೊಳವೆ ಹಿಡಿದ ಪಟ್ಟಿಗಳಲ್ಲಿ ಎರಡು ಸಡಿಲ, ಒಂದು ಇಲ್ಲವೇ ಇಲ್ಲ,
ಅದರ ಜಾಗದಲ್ಲಿ ಯಾರೋ ಬಿಗಿದ ಬೂಟಿನ ದಾರ.

ನಡುಮಹಡಿ, ಮಷೀನಿನ ಹಿಂದೆ, ಹಳಬರ ಉಪಾಯವೂ ಇತ್ತು:
ತಲೆಗೆ ಟೋಪಿ ತೊಟ್ಟು ನೆಟ್ಟಗೆ ನಿಂತ ಒಂದಡಿ ತಾಮ್ರ.
ಒಳಗೆ ಗಾಳಿ ಬಿಟ್ಟುಹೋಗಿದ್ದ, ಕಟ್ಟಿದವನು.
ಆ ಗಾಳಿಯನ್ನು ನೀರು ದಿನಕ್ಕಿಷ್ಟು ಕುಡಿದು
ಯಾವ ಕಾಲಕ್ಕೋ ಮುಗಿಸಿತ್ತು.
ತುಂಬಿದ ಕೊಡ ತುಳುಕುವುದಿಲ್ಲ, ಸರಿ;
ಪೆಟ್ಟು ನುಂಗುವುದಕ್ಕೂ ಬರುವುದಿಲ್ಲ.

ಚೀಲದಿಂದ ಅರೆಸ್ಟರ್ ತೆಗೆದೆ. ಎರಡು,
ಬಿಸಿನೀರಿಗೊಂದು, ತಣ್ಣೀರಿಗೊಂದು.
ಅಂಗಡಿಯ ಹುಡುಗ ದೊಡ್ಡದನ್ನೇ ಮಾರಲು ನೋಡಿದ್ದ.
ದೊಡ್ಡದು ಆಸ್ಪತ್ರೆಗೆ, ಹೋಟೆಲಿಗೆ. ಒಂದು ಮಷೀನಿಗೆ ಚಿಕ್ಕದು ಸಾಕು.
ಒಳಗೆ ಬಂದಿಯಾದ ಗಾಳಿ, ನಡುವೆ ಪಿಸ್ಟನ್,
ಪಿಸ್ಟನ್ನಿನ ಸೊಂಟಕ್ಕೆ ರಬ್ಬರಿನ ಉಡಿದಾರ.
ಈ ಗಾಳಿ ನೀರಿನ ಬಾಯಿಗೆ ಸಿಗದು.
ವಾಲ್ವಿನ ಮಗ್ಗುಲಲ್ಲೇ ಕೂರಿಸಬೇಕು; ದೂರವಿಟ್ಟರೆ
ಹೊಡೆದಾಟ ಮುಗಿದ ಮೇಲೆ ಬಂದ ಪೊಲೀಸು.
ಬೆಸುಗೆಯ ಉರಿ ಆ ಉಡಿದಾರಕ್ಕೆ ಆಗಿಬರುವುದಿಲ್ಲವೆಂದು
ತಿರುಪಿನದನ್ನೇ ತಂದಿದ್ದೆ.
ನಲ್ಲಿಗೂ ಹೋಸಿಗೂ ನಡುವೆ, ಮೊದಲು ಕೈಯಲ್ಲಿ,
ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು. ಸಾಕು. ವಾಷರ್ ಹರಿದೀತು.

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರಂತೆ.
ಇಲ್ಲಿ ಗಾಳಿಗೆ ಗುದ್ದಿದ್ದಕ್ಕೇ ಯಾರಿಗೂ ನೋವಿಲ್ಲ.

ಆ ಮನೆಯ ಇಫ್ರಾ ಬಾಗಿಲಿಗೊರಗಿ ನೋಡುತ್ತಿದ್ದಳು.
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಮೂರಕ್ಕೆ ಬರುತ್ತಾಳೆ,
ಮೂರೂಮುಕ್ಕಾಲಿಗೆ ಸಮವಸ್ತ್ರ ಒಗೆಯಲು ಹಾಕುತ್ತಾಳೆ.
ಮಷೀನು ತುಂಬಿತು. ವಾಲ್ವು ಮುಚ್ಚಿತು.
ಯಾರೋ ಮಗ್ಗುಲು ಬದಲಿಸಿದಷ್ಟು ಸದ್ದು.
"ನಾಲ್ಕು ಚಳಿಗಾಲ ಬೈಸಿಕೊಂಡದ್ದು ಇಷ್ಟಕ್ಕಾ!" ಎಂದು ನಕ್ಕಳು.

ಐದನೆಯ ದಿನ ಫೋನು. ಮೂರನೆಯ ಮಹಡಿಯ ಲಿಯಾನ್ಸ್, ಬೇಕರಿಯವನು.
ದೂರು ಕೊಟ್ಟಿದ್ದ ಮುದುಕ ಅವನೇ.
"ನನ್ನ ಗಡಿಯಾರಕ್ಕೆ ಏನು ಮಾಡಿದೆ ಮಾರಾಯ?
ಮೂರು ದಿನದಿಂದ ಒಲೆ ಹೊತ್ತುವಾಗ ಊರಿಗೆ ಬೆಳಕು."
ಅಲಾರಂ ಕೊಳ್ಳಿ ಎಂದೆ.
"ಕೊಂಡೆ. ಅದು ಕೂಗಿದರೆ ಏಳಬೇಕು ಅನಿಸೋದಿಲ್ಲ.
ಅದು ಹೊಡೆದರೆ, ಕೆಳಗೆ ಆ ಹುಡುಗಿ ಕ್ಷೇಮವಾಗಿ ಮನೆ ಸೇರಿದಳು ಅಂತ."
ತೆಗೆಯಲಾಗದು ಎಂದೆ. ಆ ಏಟಿಗೆ ಒಂದಲ್ಲ ಒಂದು ದಿನ
ಬೆಸುಗೆ ಬಿಟ್ಟು ಮೂರು ಮನೆಯೂ ಮುಳುಗುತ್ತದೆ.
ಆ ತುದಿಯಲ್ಲಿ ತುಂಬ ಹೊತ್ತು ಮೌನ. ನನ್ನದೇ ಕೆಲಸ, ಆ ಮೌನ.

ಮಾರ್ಚಿನಲ್ಲಿ ಸೋರುವ ನಲ್ಲಿಯ ನೆಪಕ್ಕೆ ಮತ್ತೆ ಹೋದೆ.
ಇಫ್ರಾಳ ಅಡಿಗೆಮನೆಯ ಮೂಲೆ, ಮೇಲಕ್ಕೆ ಏರುವ ಕೊಳವೆ,
ಅದಕ್ಕೆ ನೇತುಬಿಟ್ಟ ಒಂದು ಮರದ ಸೌಟು.
"ಬಟ್ಟೆ ಹಾಕಿದ ಮೇಲೆ ಎರಡು ಸಲ," ಅಂದಳು, ನಾಚಿ.

ತಾಮ್ರಕ್ಕೆ ಅಷ್ಟು ಪೆಟ್ಟು ತಡೆಯುತ್ತದೆ.
ಆದರೂ ಕೆಳಗಿಳಿದು ಪಟ್ಟಿಗಳನ್ನು ಇನ್ನೊಮ್ಮೆ ಬಿಗಿದೆ.
ಬಿಲ್ಲಿನಲ್ಲಿ ಬರೆಯಲಿಲ್ಲ.