ತಲೊ, ಪಲೊ, ಹಲೊ

ಇದು ಪರೀಕ್ಷೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.
ಎಲ್ಲರಿಗೂ ಹಾಗೇ ಹೇಳುವುದು. ಯಾರೂ ನಂಬುವುದಿಲ್ಲ.
ಔಲಿಸ್ ಕೂಡ ನಂಬಲಿಲ್ಲ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು
ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ಕೂತ.
ರೌಮಾದ ಹಡಗುಕಟ್ಟೆಯಲ್ಲಿ ಮೂವತ್ತಾರು ವರ್ಷ
ಕಬ್ಬಿಣದ ಹೊಟ್ಟೆಯೊಳಗೆ ನಿಂತು ಸುತ್ತಿಗೆ ಬಡಿದವನ ಕಿವಿ.

ಗಾಜಿನ ಕೋಣೆ. ಬಾಗಿಲು ಮುಚ್ಚಿದರೆ
ನಮ್ಮದೇ ರಕ್ತ ಹರಿಯುವುದು ಕೇಳುತ್ತದೆ, ಕೇಳುವವರಿಗೆ.
ನನ್ನ ಬಾಯಿಗೆ ಅಡ್ಡವಾಗಿ ಕಪ್ಪು ಬಟ್ಟೆ,
ತಂತಿಯ ಬಳೆಗೆ ಹೊಲಿದದ್ದು.
"ನಾನು ಹೇಳಿದ್ದನ್ನು ಹೇಳಿ. ಗೊತ್ತಾಗದಿದ್ದರೆ ಊಹಿಸಿ."

ತಲೊ ಅಂದೆ. ಮನೆ.
ಪಲೊ ಅಂದ. ಉರಿ.
ವಲೊ ಅಂದೆ, ಬೆಳಕು. ಅದು ಹೇಗೋ ಸರಿಹೋಯಿತು.
ಸಲೊ ಅಂದೆ. ದಟ್ಟ ಕಾಡು.
ಹಲೊ ಅಂದ. ಒಲೆಗೆಂದು ಸೀಳಿಟ್ಟ ಸೌದೆ.

ನಮ್ಮ ಭಾಷೆಯೇ ಹೀಗೆ, ಒಂದಕ್ಷರ ಜಾರಿದರೆ
ಕಾಡು ಕಡಿದು ಸೌದೆಯಾಗುತ್ತದೆ,
ಮನೆ ಹೊತ್ತಿಕೊಳ್ಳುತ್ತದೆ.
ಹಾಳೆಯ ಮೇಲೆ ಎರಡಕ್ಕೂ ಒಂದೇ ಅಡ್ಡಗೆರೆ.

ಹದಿನಾಲ್ಕನೆಯ ಪದದಿಂದ ಎಲ್ಲ ಸರಿ ಬರತೊಡಗಿತು.
ಹಿಗ್ಗಿದೆ. ಆಮೇಲೆ ಅನುಮಾನ ಬಂತು.
ಅವನ ಕಣ್ಣು ನನ್ನ ಕುತ್ತಿಗೆಯ ಮೇಲಿತ್ತು,
ಬಟ್ಟೆಗೂ ಕಾಲರಿಗೂ ನಡುವೆ
ಮೂರು ಬೆರಳಗಲ ಜಾಗದಲ್ಲಿ.

"ಹಡಗಿನೊಳಗೆ ಕಿವಿಯಿಂದ ಯಾರು ಕೇಳುತ್ತಾರೆ, ಹುಡುಗಿ?" ಎಂದ,
ಸಿಕ್ಕಿಬಿದ್ದೆನೆಂದು ನಾಚದೆ.
"ಕಬ್ಬಿಣಕ್ಕೆ ಕಬ್ಬಿಣ ಬಡಿಯುವಾಗ
ಗಂಟಲು ನೋಡಿಯೇ ತಿಳಿಯಬೇಕು,
ತಾಳು ಅಂದನೋ
ತಳ್ಳು ಅಂದನೋ."

ಅಷ್ಟೂ ಅಂಕ ಹೊಡೆದುಹಾಕಿದೆ. ನಿಯಮ.
ಧ್ವನಿಮುದ್ರಣ ಹಾಕಿದೆ: ಹೆಲ್ಸಿಂಕಿಯ ಯಾರೋ ಗಂಡಸಿನ
ಇಸ್ತ್ರಿ ಮಾಡಿದ ದನಿ. ಅದಕ್ಕೆ ಕುತ್ತಿಗೆಯಿಲ್ಲ.
ಔಲಿಸ್ ಗೋಡೆ ನೋಡುತ್ತ ಉತ್ತರ ಕೊಟ್ಟ.
ಇಪ್ಪತ್ತೈದರಲ್ಲಿ ಒಂಬತ್ತು.

'ಸ' ಹೋಗಿದೆ, 'ತ' ಹೋಗುತ್ತಿದೆ
ಎಂದು ಬರೆದು ತೋರಿಸಿದೆ.
ಕನ್ನಡಕ ಹುಡುಕಿ, ಹಾಕಿ, ಎರಡು ಸಲ ಓದಿದ.
"ಸ ಹೋದದ್ದು ಗೊತ್ತಿತ್ತು.
ಸೈಮಿ ಅಂತ ಕರೆದರೆ ನನಗೇ ಐಮಿ ಅಂತ ಕೇಳಿಸುತ್ತದೆ.
ಅವಳು ತಿರುಗುತ್ತಾಳಲ್ಲ,
ಸರಿಯಾಗೇ ಅಂದಿರಬೇಕು."

ಹೊರಗೆ ಓಣಿಯ ಬಾಗಿಲು ಯಾರೋ ತೆರೆದಿಟ್ಟಿದ್ದರು,
ಫೆಬ್ರವರಿ ಒಳಗೆ ನುಗ್ಗಿತ್ತು.
ಇಬ್ಬರ ಕೋಟನ್ನೂ ತೊಡೆಯ ಮೇಲಿಟ್ಟು ಕೂತಿದ್ದವಳು
ಎದ್ದಳು; ಆ ಚಳಿಯಲ್ಲಿ
ಮಫ್ಲರ್ ಸಡಿಲಿಸಿ, ಗದ್ದ ತುಸು ಮೇಲೆತ್ತಿ
ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ.

"ಒಂಬತ್ತು," ಎಂದ ಔಲಿಸ್.