ಇತರ ಸಾಕ್ಷ್ಯ

ವಾಳಪೈ ಕಚೇರಿಯ ಪಕ್ಕ, ತಗಡಿನ ಕೆಳಗೆ ನನ್ನ ಮೇಜು.
ಅರ್ಜಿ ಒಂದಕ್ಕೆ ಮೂವತ್ತು, ನಕಲು ಬೇರೆ.

ಘಟ್ಟದ ನೆತ್ತಿಯಿಂದ ಇಳಿದು ಬಂದಳು ಠಕೂಬಾಯಿ ಝೋರೆ,
ಕಂಬಳಿಯೊಳಗೆ ಮಡಿಸಿದ ನಮೂನೆ, ಅದಕ್ಕೂ ಕಂಬಳಿಯ ವಾಸನೆ.
ಎಪ್ಪತ್ತೈದು ವರ್ಷದಿಂದ ಈ ಕಾಡಿನಲ್ಲೇ ಇದ್ದೀರೆಂಬುದಕ್ಕೆ
ಏನಿದೆ, ಕೇಳಿದೆ.
ಫರಂಗಿಯವರ ಕಾಗದ? ಇಲ್ಲ.
ಮನೆಪಟ್ಟಿ? ಮನೆಯೇ ಮೂರು ಸಲ ಜಾಗ ಬದಲಿಸಿದೆ.
ಹುಟ್ಟಿದ ವರ್ಷ?
ನಕ್ಕಳು. ಹಲ್ಲು ಎರಡೇ.

“ಎಮ್ಮೆ ಹೇಳಲಾ?”

ಕಣ್ಣು ಮುಚ್ಚಿ ಶುರುಮಾಡಿದಳು:
ಈಗಿರುವವಳು ಬಾಂಡಿ. ಅವಳ ತಾಯಿ ಹರಣಿ,
ಹಳ್ಳ ಉಕ್ಕಿದ ರಾತ್ರಿ ಈದವಳು.
ಹರಣಿಯ ತಾಯಿ ನಕಟಿ, ಮೂಗು ಹರಿದದ್ದು ಚಿರತೆ.
ಹೀಗೆ ಹಿಂದೆ ಹಿಂದೆ ಹೋಗಿ ಏಳನೆಯವಳು ತಾಂಬಿ,
ಅವಳ ಹಾಲಿನ ದುಡ್ಡಿಗೇ ನನ್ನ ಕಾಲುಂಗುರ.
ಅವಳ ತಾಯಿ ಸೋಮಿ: ಫರಂಗಿ ಬಾವುಟ ಇಳಿದ ವರ್ಷ
ಅವಳಿ ಹಾಕಿದಳು, ಒಂದು ಉಳಿಯಲಿಲ್ಲ.

ನಾನು ಕಾಗದದ ಬೆನ್ನಿಗೆ ಗೀಟೆಳೆಯುತ್ತಿದ್ದೆ.
ಹತ್ತು. ಹನ್ನೊಂದು. ಅಲ್ಲಿಂದಾಚೆ
ಅವಳು ಕಂಡವಲ್ಲ, ಅತ್ತೆ ಕೊಟ್ಟವು;
ಅತ್ತೆಗೆ ಅವಳತ್ತೆ, ಕಾಲ್ಗಡಗದ ಜೊತೆ.

ಹದಿಮೂರನೆಯವಳು ಮೊರಿ. ದನಿ ತಗ್ಗಿತು.
ಮಂಜಿನಲ್ಲಿ ಹೋದವಳು ಬರಲಿಲ್ಲ. ಹುಲಿ, ಅಂದರು ಗಂಡಸರು.
ಹುಲಿಯಾದರೆ ಕೊಂಬಾದರೂ ಸಿಗಬೇಡವೇ?
ಬಿಟ್ಟುಹೋದ ಕರುವಿನಿಂದಲೇ ಇವರೆಲ್ಲ.
ಇವತ್ತಿಗೂ ಸಂಜೆ, ವಾಘ್ರೊ ಕಲ್ಲಿನ ಮೇಲೆ
ಮೊರಿಗೆ ಹಿಡಿಯುಪ್ಪು ಇಡುತ್ತಾರೆ. ಬೆಳಗ್ಗೆ ಇರುವುದಿಲ್ಲ.
ಜಿಂಕೆ ನೆಕ್ಕಿರಬೇಕು, ಅಂದೆ.
“ಇರಬಹುದು. ಜಿಂಕೆಗೂ ಬೇಕಲ್ಲ.”

ಹದಿನಾಲ್ಕನೆಯವಳಿಗೆ ಹೆಸರಿಲ್ಲ.
ಅವಳ ಬಾಲ ಹಿಡಿದೇ ಈ ಕಾಡಿಗೆ ಬಂದರಂತೆ.

ಮೊರಿಯನ್ನು ಹೇಗೆ ಕರೆಯುತ್ತೀರಿ?
ಅದುವರೆಗೆ ಕೊಂಕಣಿ ಬೆರೆತ ಮರಾಠಿ ಆಡುತ್ತಿದ್ದವಳು
ಕತ್ತೆತ್ತಿ, ಅಂಗಳಕ್ಕೆಲ್ಲ ಕೇಳುವ ಹಾಗೆ:

ಬಾರವ್ವಾ, ಬಾ, ಉಪ್ಪೈತಿ ಬಾ.

ಪೆನ್ನು ನಿಂತಿತು.
ಖಾನಾಪುರದಾಚೆ ನನ್ನವ್ವ ಕೊಟ್ಟಿಗೆಯಲ್ಲಿ ಆಡುತ್ತಿದ್ದ ಮಾತು.
ಇದು ಯಾವ ಭಾಷೆ ಅಜ್ಜಿ?
“ಎಮ್ಮೆಯದು. ನಮಗೆ ಬರೂದಿಲ್ಲ.”

ಹದಿನಾಲ್ಕು ಗೀಟು, ಒಂದಕ್ಕೆ ಆರು ವರ್ಷ ಹಿಡಿದರೂ
ಎಂಬತ್ತನಾಲ್ಕು.
‘ಇತರ ಸಾಕ್ಷ್ಯ’ದ ಕಾಲಂ ಒಂದೂವರೆ ಇಂಚು.
ಬಾಂಡಿಯಿಂದ ಹಿಡಿದು ಸಣ್ಣಕ್ಷರದಲ್ಲಿ ಇಳಿಸಿದೆ.
ಮೊರಿ ಬಂದಾಗ ಮಣಿಕಟ್ಟು ಹಿಡಿದಳು:
ಅವಳನ್ನು ಸತ್ತವರ ಸಾಲಿಗೆ ಹಾಕಬೇಡ.

ಅಷ್ಟು ಜಾಗ ಬಿಟ್ಟೆ.
ಸಾಹೇಬರು ಏನಂತಾರೋ ಗೊತ್ತಿಲ್ಲ.

ದುಡ್ಡು ಬೇಡವೆಂದೆ ಎಂದರೆ ಸುಳ್ಳಾದೀತು,
ಇಪ್ಪತ್ತು ತಗೊಂಡೆ.
ಉಳಿದ ಹತ್ತಕ್ಕೆ ಎದುರಂಗಡಿಯಲ್ಲಿ
ಹರಳುಪ್ಪು ಕಟ್ಟಿಸಿಕೊಂಡು ಘಟ್ಟದ ಬಸ್ಸು ಹತ್ತಿದಳು.