ರಿಫ್ಲೆಕ್ಟರ್ ಹಿಡಿದವನು

ಮೊದಲೇ ಬರೆದು ತಿಳಿಸಿದ್ದೆ: ಒಂದು ಗಂಟೆ, ನಲವತ್ತು ಚಿತ್ರ,
ಅರ್ಧ ಹಣ ಮುಂಗಡ. ಮಳೆ ಬಂದರೆ ಪೂರ್ತಿ ವಾಪಸು.
ಖೀವಾದಲ್ಲಿ ಮಳೆ ಬರುವುದೇ ಅಪರೂಪ ಎಂದು
ಬರೆಯಲಿಲ್ಲ.

ಬೆಳಗಿನ ಆರಕ್ಕೆ ಪಡುವಣ ಬಾಗಿಲಲ್ಲಿ ನಿಂತಿರಿ.
ಇಲ್ಲಿ ಕೋಟೆಯೂ ಮಣ್ಣು, ಬೀದಿಯೂ ಮಣ್ಣು,
ಕಂದು ಬಣ್ಣ ತೊಡಬೇಡಿ, ಗೋಡೆಯಲ್ಲಿ ಕರಗಿಬಿಡುತ್ತೀರಿ.
ಆತ ಕಂದು ಕೋಟಿನಲ್ಲೇ ಬಂದ.

ವಾಲ್ಡೆಮಾರ್. ಪೋಲೆಂಡಿನಲ್ಲಿ ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನು.
ಪಕ್ಕದಲ್ಲಿ ಹಲೀನಾ, ಹಸಿರು ಸ್ಕಾರ್ಫು, ಊದಿದ ಕಣ್ಣು.
ರಾತ್ರಿ ರೈಲಿನಲ್ಲಿ ಮಾತಿಗೆ ಮಾತು ಬೆಳೆದಿರಬೇಕು,
ಇಬ್ಬರ ನಡುವೆ ಒಬ್ಬರು ದಾಟಿಹೋಗುವಷ್ಟು ಜಾಗ.
ದಾಟಿಯೂ ಹೋದಳು ರೊಟ್ಟಿ ಗಾಡಿಯ ಬೀಬಿಜಾನ್:
ಮೊದಲ ಮೂರು ಚಿತ್ರಗಳಲ್ಲಿ ಅವಳಿದ್ದಾಳೆ,
ನಾಲ್ಕನೆಯದರಲ್ಲಿ ಗಾಡಿಯ ಹಿಂದಿನ ಚಕ್ರ.

ಒತಾಜಾನ್, ನನ್ನ ಗಂಡ,
ಬೆಳ್ಳಿ ಹರಿವಾಣದಂಥ ರಿಫ್ಲೆಕ್ಟರನ್ನು ಎತ್ತಿ
ಎದುರುಗೋಡೆಯ ಬಿಸಿಲನ್ನು ಕಿತ್ತು
ಅವರ ಗಲ್ಲಕ್ಕೆ ಹಚ್ಚುತ್ತಾನೆ. ಹನ್ನೊಂದು ವರ್ಷದಿಂದ ಇದೇ ಕೆಲಸ.
ಕೊರಿಯಾದ ಮದುಮಕ್ಕಳು, ತಾಷ್ಕೆಂಟಿನ ದಂತವೈದ್ಯ ದಂಪತಿ,
ಮೂರನೇ ಮದುವೆಯ ಜರ್ಮನ್ ಮುದುಕ,
ಎಲ್ಲರ ಮುಖದ ಕಳೆಯೂ ಇವನ ಕೈಯ ಗುಣ.
ಚಿತ್ರದಲ್ಲಿ ಇವನಿಲ್ಲ.
ಒಮ್ಮೊಮ್ಮೆ ನೆಲದ ಮೇಲೆ ಮೊಣಕೈಯ ನೆರಳು ಬೀಳುತ್ತದೆ,
ರಾತ್ರಿ ಕೂತು ಅಳಿಸುತ್ತೇನೆ.

"ಒಬ್ಬರನ್ನೊಬ್ಬರು ನೋಡಿ" ಎಂದೆ.
ಅವನು ಅವಳ ಕಿವಿ ನೋಡಿದ. ಅವಳು ಅವನ ಗುಂಡಿ ನೋಡಿದಳು.
ಹುಡುಗ ಇಕ್ರಾಮ್ ಉಣ್ಣೆ ಟೋಪಿ ತಂದು ಅವನ ತಲೆಗೆ ಕವುಚಿ
ಬಾಡಿಗೆ ಕೇಳಿದ. ನಗು ಬರಲಿಲ್ಲ.

ಕಡೆಗೆ ನನ್ನ ಹಳೆಯ ಉಪಾಯ:
ಆ ಮಿನಾರು ನೋಡಿ, ಅರ್ಧಕ್ಕೇ ನಿಂತಿದ್ದು,
ಕಟ್ಟಿಸುತ್ತಿದ್ದ ಖಾನ ಸತ್ತ, ಕೆಲಸ ಅಲ್ಲಿಗೇ ಬಿಟ್ಟರು.
ಅದರ ಮೈಮೇಲೆ ನೀಲಿಹೆಂಚಿನ ಪಟ್ಟಿ ಎಷ್ಟಿವೆ, ಎಣಿಸಿ.

ಅವಳು ಇಪ್ಪತ್ತೇಳು ಎಂದಳು. ಅವನು ಇಪ್ಪತ್ತಾರು.
ಕೆಳಗಿನದು ಪಟ್ಟಿಯೇ ಅಲ್ಲ, ಅಂಚು, ಎಂದ.
ಅಂಚೂ ಪಟ್ಟಿಯೇ, ಎಂದಳು.
ಬೆರಳು ಚಾಚಿ, ತೋಳು ಹಿಡಿದೆಳೆದು, ಹಣೆಗೆ ಹಣೆ ತಾಗುವಷ್ಟು
ಹತ್ತಿರ ಬಂದು ಜಗಳವಾಡಿದರು.
ನಾನು ಬೆರಳೆತ್ತಲಿಲ್ಲ. ಇಪ್ಪತ್ತೆರಡು ಚಿತ್ರ ಅಲ್ಲೇ ಸಿಕ್ಕವು.

ಇನ್ನೂ ಹತ್ತು ನಿಮಿಷ ಬಾಕಿ ಇತ್ತು.
"ನೀವಿಬ್ಬರೂ ನಿಲ್ಲಿ, ನಾನು ತೆಗೆಯುತ್ತೇನೆ"
ಎಂದು ಹಲೀನಾ ಕ್ಯಾಮೆರಾಕ್ಕೆ ಕೈ ನೀಡಿದಳು.
ಬೇಡ ಎನ್ನಲು ಪೋಲಿಷ್ ಬರಬೇಕಲ್ಲ.
ಒತಾಜಾನ್ ರಿಫ್ಲೆಕ್ಟರ್ ಬಿಡಲೊಲ್ಲ,
ಗಾಳಿಯಿದೆ, ಹಾರಿಹೋಗುತ್ತದೆ ಎಂದ.
ವಾಲ್ಡೆಮಾರ್ ಬಂದು ಅದನ್ನು ತೆಗೆದುಕೊಂಡು
ಟ್ರಾಮಿನ ಹಿಡಿಕೆಯಂತೆ ಎರಡೂ ಕೈಯಲ್ಲಿ ಹಿಡಿದ.

ಅಯ್ಯೋ, ಆ ಬೆಳಕು!
ಸೂಜಿ ಹಾಗೆ ಚುಚ್ಚುತ್ತದೆಂದು ಗೊತ್ತೇ ಇರಲಿಲ್ಲ.
ಎಷ್ಟು ಜನಕ್ಕೆ ಹೇಳಿದ್ದೆ, ಕಣ್ಣು ಮಿಟುಕಿಸಬೇಡಿ,
ಸಹಜವಾಗಿರಿ, ಕೈ ಸಡಿಲ ಬಿಡಿ ಎಂದು.
ನನ್ನ ಕೈ ಎಲ್ಲಿಡಬೇಕೆಂದು ನನಗೇ ತಿಳಿಯದೆ
ಇವನ ಅಂಗಿಯ ಜೇಬೊಳಗೆ ಇಟ್ಟೆ.
ಅಲ್ಲಿ ಒಣ ಏಪ್ರಿಕಾಟು ಎರಡು, ಬೆಚ್ಚಗೆ.

ನಲವತ್ತು ಚಿತ್ರ ತಿದ್ದಿ ಅವರಿಗೆ ಕಳಿಸಿದೆ.
ಇದು ನಲವತ್ತೊಂದನೆಯದು.
ಇಬ್ಬರಿಗೂ ಕಣ್ಣು ಮುಚ್ಚಿದೆ, ನನ್ನ ನೆತ್ತಿ ಕತ್ತರಿಸಿಹೋಗಿದೆ,
ಮಿನಾರಿನ ತುದಿಯೂ ಇಲ್ಲ. ಅದಕ್ಕೆ ಮೊದಲೇ ಇರಲಿಲ್ಲ.
ನೆಲದ ಮೇಲೆ ಟ್ರಾಮ್ ಓಡಿಸಿದವನ ಮೊಣಕೈ ನೆರಳು.
ಅಳಿಸುವ ಉಪಕರಣ ತೆರೆದೆ. ಮುಚ್ಚಿದೆ.

ಒತಾಜಾನ್ ಚಹಾ ಹೀರುತ್ತ ಬಹಳ ಹೊತ್ತು ನೋಡಿ
ಇಷ್ಟೇ ಹೇಳಿದ:
ಎರಡು ಬೆರಳು ಮೇಲೆತ್ತಬೇಕಿತ್ತು ಅವನು.